ಚೌರಪ್ಪನ ಹೊಸಮನೆ

ಹೈಸ್ಕೂಲಿನಲ್ಲಿ ನಮ್ಮ ಕ್ಲಾಸಿನಲ್ಲಿ ಚೌರಪ್ಪ ಅಂತ ಒಬ್ಬ ಹುಡುಗ ಇದ್ದ. ಹೆಸರು ಓದಿದ ಕೂಡಲೇ ನಿಮಗೂ ಸಣ್ಣಗೆ ನಗು ಬಂದಿರಬಹುದು. ನಮಗಂತೂ ಮೂರು ವರ್ಷ ಅದೇ ಕೆಲಸ. "ಲೋ, ನಂಗೂ ಸ್ವಲ್ಪ ಚೌರ ಮಾಡೋ" ಅಂತ ಹಿಂದಿನ ಬೆಂಚಿನಿಂದ ಕೂಗುವುದು, ಅವನು ತಿರುಗಿ ನೋಡಿದರೆ ಏನೂ ಗೊತ್ತಿಲ್ಲದವರ ಹಾಗೆ ಪುಸ್ತಕ ನೋಡುವುದು. ಮೇಷ್ಟ್ರೊಬ್ಬರು ಹಾಜರಿ ಕರೆಯುವಾಗ ಅವನ ಹೆಸರು ಬಂದರೆ ತಮ್ಮ ತಲೆಯನ್ನೊಮ್ಮೆ ಸವರಿಕೊಳ್ಳುತ್ತಿದ್ದರು. ಇಡೀ ಕ್ಲಾಸು ಗೊಳ್ ಅನ್ನುತ್ತಿತ್ತು. ಅವನೂ ನಗುತ್ತಿದ್ದ. ನಗದೆ ಇನ್ನೇನು ಮಾಡ್ತಾನೆ ಪಾಪ.

ಹತ್ತನೇ ಕ್ಲಾಸಿನ ಪರೀಕ್ಷೆಗೆ ಅರ್ಜಿ ತುಂಬುವಾಗ ಅವನು ತನ್ನ ಹೆಸರನ್ನು ಕ್ಸೇವಿಯರ್ ಅಂತ ಬರೆದ. "ಇದೇ ಸರಿಯಾದ ಹೆಸರು ಕಣೋ. ಮನೇಲಿ ಕರೆಯೋದು ತಪ್ಪು" ಅಂದ. ನಾವು ನಂಬಿದೆವು. ಚೌರಪ್ಪ ತಪ್ಪು, ಕ್ಸೇವಿಯರ್ ಸರಿ. ಎಷ್ಟೋ ವರ್ಷ ನಾನೂ ಹಾಗೇ ತಿಳಿದುಕೊಂಡಿದ್ದೆ.

ಈಗ ಹಾಗೆ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ನಿಮ್ಮನ್ನು ಸ್ಪೇನಿನ ಉತ್ತರದ ತುದಿಗೆ ಕರೆದುಕೊಂಡು ಹೋಗಬೇಕು. ಸ್ವಲ್ಪ ಉದ್ದದ ಕಥೆ, ಸಹಿಸಿಕೊಳ್ಳಿ.

ಕ್ಸೇವಿಯರ್ ಅಂದರೆ ನಮಗೆ ನೆನಪಾಗುವುದು ಗೋವಾದ ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಬೆಳ್ಳಿಯ ಪೆಟ್ಟಿಗೆಯೊಳಗಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್. 1506ರಲ್ಲಿ ಹುಟ್ಟಿ, 1542ರಲ್ಲಿ ಗೋವಾಕ್ಕೆ ಬಂದು, 1552ರಲ್ಲಿ ಚೀನಾದ ಕರಾವಳಿಯ ಒಂದು ದ್ವೀಪದಲ್ಲಿ ತೀರಿಕೊಂಡವರು. ಸ್ವಾರಸ್ಯ ಏನಪ್ಪಾ ಅಂದರೆ, ಕ್ಸೇವಿಯರ್ ಅನ್ನುವುದು ಅವರಿಗೆ ಇಟ್ಟ ಹೆಸರೂ ಅಲ್ಲ, ಅಪ್ಪನ ಕಡೆಯ ಸರ್‌ನೇಮೂ ಅಲ್ಲ. ಇಟ್ಟ ಹೆಸರು ಫ್ರಾನ್ಸಿಸ್ಕೊ. ಅಪ್ಪ ಹುವಾನ್ ದೆ ಜಾಸ್ಸೊ, ನವಾರಾ ರಾಜ್ಯದ ದೊಡ್ಡ ಅಧಿಕಾರಿ. ತಾಯಿ ಮರಿಯಾ ದೆ ಅಸ್ಪಿಲ್ಕುಯೆತಾ. ತಾಯಿಯ ಕಡೆಯಿಂದ ಬಂದ ಒಂದು ಕೋಟೆಮನೆ ಇತ್ತು, ಆ ಮನೆಯ ಹೆಸರು ಕ್ಸೇವಿಯರ್. ಅಲ್ಲೇ ಹುಟ್ಟಿದ್ದರಿಂದ ಅದೇ ಇವರ ಹೆಸರಿಗೆ ಅಂಟಿಕೊಂಡಿತು. ಅಂದರೆ ನಾವು ಭಕ್ತಿಯಿಂದ ಕರೆಯುತ್ತಿರುವುದು ಒಂದು ಮನೆಯ ಹೆಸರನ್ನು.

ಆ ಹೆಸರಿನ ಅರ್ಥ? ಹೊಸಮನೆ!

ಆ ಸೀಮೆಯ ಭಾಷೆ ಬಾಸ್ಕ್. ಸುತ್ತಲಿನ ಸ್ಪ್ಯಾನಿಷ್, ಫ್ರೆಂಚ್‌ಗಳಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಜಗತ್ತಿನ ಬೇರೆ ಯಾವ ಭಾಷೆಯ ಜೊತೆಗೂ ಅದರ ಸಂಬಂಧವನ್ನು ಸಾಬೀತು ಮಾಡಲು ಇದುವರೆಗೆ ಆಗಿಲ್ಲ. ಬಾಸ್ಕಿನಲ್ಲಿ 'ಎಚೆ' ಅಂದರೆ ಮನೆ, 'ಬೆರ್ರಿ' ಅಂದರೆ ಹೊಸ. ಕೊನೆಗೆ ಒಂದು 'ಆ' ಸೇರಿಸಿದರೆ ಇಂಥದ್ದೇ ಒಂದು ಅಂತ ಗುರುತಿಸಿದ ಹಾಗೆ. ಮೂರೂ ಸೇರಿ ಎಚೆಬೆರ್ರಿಯಾ. ನಮ್ಮ ಉತ್ತರ ಕರ್ನಾಟಕದವರ ಹೊಸಮನಿ ಇದೆಯಲ್ಲ, ಅರ್ಥದಲ್ಲಿ ಥೇಟ್ ಅದೇ. ಕನ್ನಡದಲ್ಲಿ ಹೊಸ ಮೊದಲು, ಮನೆ ಆಮೇಲೆ. ಅವರದ್ದು ಉಲ್ಟಾ, ಅಷ್ಟೇ.

ನವಾರಾದಲ್ಲಿ ಬಾಸ್ಕಿನ ಪಕ್ಕದಲ್ಲೇ ಲ್ಯಾಟಿನ್ ಮೂಲದ ಆಡುಭಾಷೆಯೂ ಇತ್ತು. ಅದನ್ನಾಡುವವರ ಬಾಯಲ್ಲಿ ಎಚೆಬೆರ್ರಿಯ ಮೊದಲ 'ಎ' ಉದುರಿತು, 'ಚ' ಹೋಗಿ 'ಶ' ಆಯಿತು, 'ಬೆ' ಎಳೆದು 'ಬಿಯೆ' ಆಯಿತು. ಹೀಗೆ ಶಬಿಯೆರ್. ಆ 'ಶ'ವನ್ನು ಆಗ ಎಕ್ಸ್ ಅಕ್ಷರದಲ್ಲಿ ಬರೆಯುತ್ತಿದ್ದರು. ಮುಂದೆ ಸ್ಪ್ಯಾನಿಷ್‌ನಲ್ಲಿ ಈ 'ಶ' ಗಂಟಲಿಗೆ ಇಳಿದು 'ಹ'ದಂಥ ಸದ್ದಾಯಿತು, ಹಾಗಾಗಿ ಇವತ್ತಿನ ಸ್ಪೇನಿನಲ್ಲಿ ಹಾವಿಯೆರ್. ಪೋರ್ಚುಗೀಸರು ಶವಿಯೆರ್ ಅಂತಲೇ ಉಳಿಸಿಕೊಂಡರು, ಭಾರತಕ್ಕೂ ಹಾಗೇ ತಂದರು. ತಮಿಳಿನಲ್ಲಿ ಅದು ಸವೇರಿಯಾರ್, ಸವರಿ ಆಯಿತು. ನಮ್ಮ ಕಡೆಯ ಕ್ರೈಸ್ತರಲ್ಲಿ ಸವರಿಯಪ್ಪ, ಚೌರಿಯಪ್ಪ, ಚೌರಪ್ಪ. ಹಾಗಾದರೆ ಕ್ಸೇವಿಯರ್ ಎಲ್ಲಿಂದ ಬಂತು? ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ, ಎಕ್ಸ್ ಅಂದರೆ 'ಕ್ಸ' ಅಂತ ನಾವು ಓದಿಕೊಂಡದ್ದು.

ಈಗ ಹೇಳಿ, ಯಾವುದು ಸರಿ, ಯಾವುದು ತಪ್ಪು? ಕಿವಿಯಿಂದ ಕಿವಿಗೆ ನಡೆದು ಬಂದ ಹೆಸರು ಚೌರಪ್ಪ. ಕಾಗದ ನೋಡಿ ಓದಿದ ಹೆಸರು ಕ್ಸೇವಿಯರ್. ನಾವು ನಗುತ್ತಿದ್ದುದು ಯಾವುದಕ್ಕೆ ನೋಡಿ!

ಈ ಹೊಸಮನೆಯ ಸಂಸಾರ ಬಲು ದೊಡ್ಡದು. ಬಾಸ್ಕ್ ಹಳ್ಳಿಗಳಲ್ಲಿ ಜನ ಮನೆಗೆ ಹೆಸರು ಕೊಡುತ್ತಿರಲಿಲ್ಲ, ಮನೆಯೇ ಜನಕ್ಕೆ ಹೆಸರು ಕೊಡುತ್ತಿತ್ತು. ಮನೆ ಅಂದರೆ ಬರೀ ಗೋಡೆ ಮಾಡು ಅಲ್ಲ, ಹೊಲ, ಕಾಡಿನ ಹಕ್ಕು, ಚರ್ಚಿನಲ್ಲಿ ಕೂರುವ ಜಾಗ, ಸಮಾಧಿ ಎಲ್ಲ ಸೇರಿ ಮನೆ. ಆಸ್ತಿ ಒಡೆಯಬಾರದು ಅಂತ ಒಬ್ಬ ಮಗನಿಗೋ ಮಗಳಿಗೋ ಅಷ್ಟನ್ನೂ ಕೊಡುವುದು ರೂಢಿ. ಉಳಿದವರು? ಪಾದ್ರಿಯಾಗಬೇಕು, ಹಡಗು ಹತ್ತಬೇಕು, ಇಲ್ಲಾ ಬೇರೆ ಮನೆಗೆ ಮದುವೆಯಾಗಿ ಹೋಗಬೇಕು. ಊರಲ್ಲಿ ಹೊಸದಾಗಿ ಒಂದು ಮನೆ ಎದ್ದರೆ ಅದಕ್ಕೆ ಸಹಜವಾಗಿ ಬರುವ ಹೆಸರು ಹೊಸಮನೆ. ಹಾಗಾಗಿ ಊರೂರಿಗೂ ಒಂದೊಂದು ಎಚೆಬೆರ್ರಿಯಾ. ಬಿಸ್ಕಾಯ ಪ್ರಾಂತ್ಯದಲ್ಲಿ ಎಚೆಬರ್ರಿಯಾ ಅಂತ ಒಂದು ಊರೇ ಇದೆ. ಅಲ್ಲಿನ ಆಡುಮಾತಿನಲ್ಲಿ ಬೆರ್ರಿಯನ್ನು ಬರ್ರಿ ಅನ್ನುತ್ತಾರೆ.

ಹಾಗೆ ಮನೆಯಲ್ಲಿ ಪಾಲು ಸಿಗದೆ ಹಡಗು ಹತ್ತಿದವರ ಜೊತೆ ಹೆಸರೂ ಹೊರಟಿತು. ಹದಿನಾರನೇ ಶತಮಾನದಿಂದಲೇ ಸ್ಪೇನಿನ ಸಾಮ್ರಾಜ್ಯದ ಬಂದರುಗಳಿಗೆ. ಹತ್ತೊಂಬತ್ತನೇ ಶತಮಾನದಲ್ಲಿ ಸ್ಪೇನಿನ ಕಾರ್ಲಿಸ್ಟ್ ಯುದ್ಧಗಳು (1833ರಿಂದ 39, ಮತ್ತೆ 1872ರಿಂದ 76) ಊರು ಬಿಡಿಸಿದಾಗ ಅರ್ಜೆಂಟೀನಾ, ಉರುಗ್ವೆಗಳಿಗೆ. ಅಲ್ಲಿಂದ ಮುಂದೆ ಕುರಿ ಕಾಯಲು ಅಮೆರಿಕದ ನೆವಾಡಾ, ಐಡಹೋ, ಕ್ಯಾಲಿಫೋರ್ನಿಯಾಗಳಿಗೆ. ಹೋದಲ್ಲೆಲ್ಲ ಬರೆದುಕೊಳ್ಳುವ ಗುಮಾಸ್ತನ ಕಿವಿಗೆ ಬಿದ್ದ ಹಾಗೆ ಹೆಸರು. ಮೆಕ್ಸಿಕೊ, ಚಿಲಿಗಳಲ್ಲಿ ಎಚೆವೆರಿಯಾ. ಫ್ರಾನ್ಸಿನ ಕಡೆಯ ಬಾಸ್ಕರಲ್ಲಿ, ಅವರು ಹೋಗಿ ನೆಲೆಸಿದ ಉರುಗ್ವೆ, ಅರ್ಜೆಂಟೀನಾಗಳಲ್ಲಿ ಎಚೆವೆರಿ. ಕೊಲಂಬಿಯಾದ ಆಂತಿಯೋಕಿಯಾದಲ್ಲಿ ಎಚೆವೆರಿ, ಎಚಾವರಿಯಾ ಎರಡೂ. ಕೋಸ್ಟರಿಕಾದಲ್ಲಿ ಮುಂದಿನ 'ಎ' ಬಿದ್ದುಹೋಗಿ ಚವರಿಯಾ. ಚವರಿಯಾ, ಚೌರಿಯಪ್ಪ... ಎರಡಕ್ಕೂ ನೇರ ಸಂಬಂಧ ಇಲ್ಲ, ಬೇರೆ ಬೇರೆ ದಾರಿಯಲ್ಲಿ ಹೊರಟವರು. ಆದರೂ ಕೇಳಿ ನೋಡಿ :-)

ಹೆಸರು ಹೊತ್ತವರೋ, ಒಬ್ಬೊಬ್ಬರು ಒಂದೊಂದು ಥರ. ಅರ್ಜೆಂಟೀನಾದ ಸಾಹಿತಿ ಎಸ್ತೆಬಾನ್ ಎಚೆವೆರಿಯಾ (1805-1851) ಸರ್ವಾಧಿಕಾರಿಯ ಆಳ್ವಿಕೆಯನ್ನು ವಿರೋಧಿಸಿ ದೇಶ ಬಿಟ್ಟು ಹೋಗಿ ಪರದೇಶದಲ್ಲೇ ಸತ್ತ. 1970ರಿಂದ 76ರವರೆಗೆ ಮೆಕ್ಸಿಕೊದ ಅಧ್ಯಕ್ಷನಾಗಿದ್ದ ಲೂಯಿಸ್ ಎಚೆವೆರಿಯಾ, 1968ರಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿದಾಗ ಅಲ್ಲಿನ ಗೃಹಮಂತ್ರಿ. ಫುಟ್‌ಬಾಲ್ ಹುಚ್ಚಿನವರಿಗೆ ಬೊಲಿವಿಯಾದ ಮಾರ್ಕೊ ಎಚೆವೆರಿ ನೆನಪಿರಬಹುದು. 1994ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಮೈದಾನಕ್ಕಿಳಿದು ಕೆಲವೇ ನಿಮಿಷಗಳಲ್ಲಿ ಕೆಂಪು ಕಾರ್ಡ್ ತಿಂದು ಹೊರಗೆ ಹೋದವನು! ಇನ್ನು ಬಾಸ್ಕ್ ನಾಡಿನಲ್ಲಿ ಯಾರಾದರೂ ಮಗುವಿಗೆ ಶಬಿಯೆರ್ ಅಂತ ಹೆಸರಿಟ್ಟು ಅವರ ಸರ್‌ನೇಮ್ ಎಚೆಬೆರ್ರಿಯಾ ಆಗಿದ್ದರೆ, ಆ ಮಗು ಹೊಸಮನೆ ಹೊಸಮನೆ.

ಇಷ್ಟು ಓದಿದ ಮೇಲೆ ನಿಮಗೊಂದು ಆಸೆ ಬರುತ್ತದೆ. ಇವರೆಲ್ಲ ಒಂದೇ ವಂಶದವರಲ್ಲವೇ, ಹಿಂದೆ ಹಿಂದೆ ಹೋದರೆ ಒಬ್ಬ ಮೂಲಪುರುಷ ಸಿಕ್ಕಾನಲ್ಲವೇ ಅಂತ. ನಿಮ್ಮ ಸರ್‌ನೇಮಿನ ಲಾಂಛನ ಇಗೋ ಅಂತ ಚೌಕಟ್ಟು ಹಾಕಿ ಮಾರುವವರು ಬದುಕುತ್ತಿರುವುದೇ ಈ ಆಸೆಯ ಮೇಲೆ. ನನ್ನ ತಕರಾರು ಶುರುವಾಗುವುದು ಇಲ್ಲೇ.

ಒಂದು ಉದಾಹರಣೆ. ಹದಿನೇಳನೇ ಶತಮಾನದಲ್ಲಿ ಝಿಬುರು ಅನ್ನುವ ಊರಿನ ಜೋವಾನೆಸ್ ಎಚೆಬೆರ್ರಿ ಅನ್ನುವ ಪಾದ್ರಿ ಬಾಸ್ಕಿನಲ್ಲಿ ಧಾರ್ಮಿಕ ಪದ್ಯಗಳನ್ನು ಬರೆದ. ಅಲ್ಲೇ ಹತ್ತಿರದ ಸಾರಾ ಅನ್ನುವ ಊರಿನಲ್ಲಿ 1668ರಲ್ಲಿ ಹುಟ್ಟಿದ ಇನ್ನೊಬ್ಬ ಜೋವಾನೆಸ್ ಎಚೆಬೆರ್ರಿ ವೈದ್ಯನಾದ, ಬಾಸ್ಕ್ ಭಾಷೆ ಯಾವುದಕ್ಕೂ ಕಡಿಮೆಯಿಲ್ಲ ಅಂತ ವಾದ ಮಾಡಿ ಬರೆದ. ಹೆಸರು ಅದೇ, ಸರ್‌ನೇಮ್ ಅದೇ, ಸೀಮೆ ಅದೇ. ಸಾಹಿತ್ಯ ಚರಿತ್ರೆಯವರು ಇವತ್ತಿಗೂ ಝಿಬುರುವಿನವನು, ಸಾರಾದವನು ಅಂತ ಊರು ಹೇಳಿಯೇ ಬೇರೆ ಮಾಡಬೇಕು. ಎರಡು ಊರು, ಎರಡು ಹೊಸಮನೆ. ರಕ್ತಸಂಬಂಧ ಇರಲೇಬೇಕು ಅಂತೇನೂ ಇಲ್ಲ.

ಸಮುದ್ರ ದಾಟಿದ ಮೇಲಂತೂ ಕೇಳುವುದೇ ಬೇಡ. ಸ್ಪ್ಯಾನಿಷ್ ಅಮೆರಿಕದಲ್ಲಿ ಎಷ್ಟೋ ಗುಲಾಮರಿಗೆ ಒಡೆಯನ ಸರ್‌ನೇಮೇ ಬಂತು. ಫಿಲಿಪೀನ್ಸಿನಲ್ಲಿ 1849ರಲ್ಲಿ ಗವರ್ನರ್ ಕ್ಲಾವೆರಿಯಾ ಒಂದು ದೊಡ್ಡ ಪಟ್ಟಿ ಮಾಡಿಸಿ ಅದರಿಂದ ಜನರಿಗೆ ಸರ್‌ನೇಮ್ ಹಂಚಿಸಿದ. ಪಟ್ಟಿಯಲ್ಲಿ ಬಾಸ್ಕ್ ಹೆಸರುಗಳೂ ಇದ್ದವು. ಹಾಗೆ ಹೆಸರು ಸಿಕ್ಕವರಿಗೂ ಬಾಸ್ಕ್ ನೆಲಕ್ಕೂ ಸಂಬಂಧ ಒಂದು ಕಾಗದದ ಹಾಳೆ ಮಾತ್ರ.

ಹೆಸರನ್ನು ರಕ್ತ ಅಂತ ಓದುವ ಚಟ ಬಾಸ್ಕರಿಗೂ ಇತ್ತು, ಅದನ್ನೂ ಹೇಳಬೇಕು. 1526ರ ಬಿಸ್ಕಾಯದ ಕಾನೂನುಸಂಹಿತೆಯ ಪ್ರಕಾರ ಅಲ್ಲಿನ ಮೂಲನಿವಾಸಿಗಳೆಲ್ಲರೂ ಕುಲೀನರು. ರೈತನೂ ಕುಲೀನ, ಕಮ್ಮಾರನೂ ಕುಲೀನ. ಕೇಳಲು ಎಷ್ಟು ಚೆನ್ನ! ಆದರೆ ಹೊರಗೆ ಹೋಗಿ ಆ ಹಕ್ಕು ಕೇಳಬೇಕಾದರೆ ನಿಮ್ಮ ಮೂಲಮನೆ ಯಾವುದು ಅಂತ ತೋರಿಸಬೇಕಿತ್ತು. ಯಹೂದಿ, ಮುಸ್ಲಿಂ ಮೂಲದವರು ಮತಾಂತರವಾಗಿದ್ದರೂ ಅಲ್ಲಿ ನೆಲೆಸುವ ಹಾಗಿಲ್ಲ ಅಂತಲೂ ಅದೇ ಕಾನೂನು ಹೇಳಿತು. ವಿಳಾಸವಾಗಿದ್ದ ಹೆಸರು ಜಾತಿ ಪ್ರಮಾಣಪತ್ರವಾದದ್ದು ಹೀಗೆ. ಬಾಡಿಗೆ ಮನೆ ಹುಡುಕುವಾಗ "ಪೂರ್ತಿ ಹೆಸರು ಏನು?" ಅಂತ ಕೇಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಚಕ್ರ ತಿರುಗಿ ಅವರ ಮೇಲೇ ಬಂತು. ಫ್ರಾಂಕೊ ಪಕ್ಷದ ಸರ್ಕಾರ 1938ರಲ್ಲಿ ಮಕ್ಕಳಿಗೆ ಬಾಸ್ಕ್ ಹೆಸರು ನೋಂದಾಯಿಸುವುದನ್ನೇ ನಿಲ್ಲಿಸಿತು. ಫ್ರಾಂಕೊ ಸತ್ತ ಮೇಲೆ, 1977ರ ಕಾನೂನಿನಲ್ಲಿ ಆ ಬಾಗಿಲು ತೆರೆಯಿತು. ಸರ್‌ನೇಮುಗಳನ್ನಂತೂ ಅದಕ್ಕೂ ಎಷ್ಟೋ ಮೊದಲಿನಿಂದ ಸ್ಪ್ಯಾನಿಷ್ ಸ್ಪೆಲ್ಲಿಂಗಿನಲ್ಲೇ ಬರೆಯುತ್ತಿದ್ದರು. 'ಚ'ಕ್ಕೆ ಸ್ಪ್ಯಾನಿಷ್‌ನಲ್ಲಿ ಸಿ-ಎಚ್, ಬಾಸ್ಕಿನಲ್ಲಿ ಟಿ-ಎಕ್ಸ್. 1999ರ ಕಾನೂನಿನಲ್ಲಿ ಕೇಳಿದವರಿಗೆ ತಮ್ಮ ಭಾಷೆಯ ಕಾಗುಣಿತದಂತೆ ಸರ್‌ನೇಮ್ ತಿದ್ದಿಕೊಳ್ಳುವ ಹಕ್ಕು ಸಿಕ್ಕಿತು. ಎಚೆವೆರಿಯಾ ಆಗಿದ್ದವರು ಅರ್ಜಿ ಕೊಟ್ಟು ಮತ್ತೆ ಎಚೆಬೆರ್ರಿಯಾ ಆಗಬಹುದಾಯಿತು.

ಇದು ಒಳ್ಳೆಯದೇ, ನನ್ನ ಪೂರ್ತಿ ಬೆಂಬಲ. ಕಿತ್ತುಕೊಂಡದ್ದನ್ನು ವಾಪಸು ಪಡೆಯುವುದು ನ್ಯಾಯ. ಆದರೆ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ, ಉಳಿದವರು ಬರೆಯುವುದೆಲ್ಲ ತಪ್ಪು, ಚವರಿಯಾ ಅಪಭ್ರಂಶ, ಎಚೆವೆರಿ ಫ್ರೆಂಚರ ಕೈವಾಡ ಅಂತ ಹೇಳಿದರೆ ಒಪ್ಪಲಾರೆ. ಇನ್ನೂರು ವರ್ಷ ಒಂದು ಮನೆಯವರು ಮಕ್ಕಳನ್ನು ಶಾಲೆಗೆ ಸೇರಿಸಿದ, ಸಾಲ ತೀರಿಸಿದ, ಸತ್ತವರನ್ನು ಮಣ್ಣು ಮಾಡಿದ ಹೆಸರು ಅದು. ಅದನ್ನು ತಪ್ಪು ಅನ್ನಲು ನಾವು ಯಾರು? ಬದಲಿಸಿಕೊಳ್ಳುವ ಹಕ್ಕೂ ಅವರದ್ದೇ, ಇರುವ ಹಾಗೇ ಇಟ್ಟುಕೊಳ್ಳುವ ಹಕ್ಕೂ ಅವರದ್ದೇ. ಬಾಸ್ಕ್ ಕಾಗುಣಿತ ಬಾಸ್ಕ್ ಭಾಷೆಗೆ ನಿಯಮ ಹೇಳಬಹುದು, ಕೋಸ್ಟರಿಕಾದ ಚವರಿಯಾಗೆ ಹೇಳಲಾರದು.

ನಿಮ್ಮಲ್ಲಿ ಕೆಲವರು ಹೇಳಬಹುದು, ಹಾಗಾದರೆ ಮೂಲ ಹುಡುಕುವುದೇ ದಂಡವೇ ಅಂತ. ಖಂಡಿತ ಅಲ್ಲ. ಮೂಲ ತಿಳಿದರೆ ಖುಷಿ, ಅದಕ್ಕೇ ಇಷ್ಟು ಬರೆದದ್ದು. ಮೂಲವನ್ನು ಕೋಲು ಮಾಡಿಕೊಂಡು ಇನ್ನೊಬ್ಬರ ಹೆಸರನ್ನು ತಿದ್ದಲು ಹೊರಟರೆ ಮಾತ್ರ ಕಷ್ಟ. ಅಷ್ಟಕ್ಕೂ ಮೂಲದಲ್ಲಿ ಇರುವುದೇನು? ಯಾರೋ ಕಟ್ಟಿದ ಒಂದು ಮನೆ, ಅದು ಆಗ ಹೊಸದಾಗಿತ್ತು, ಅಷ್ಟೇ. ನವಾರಾವನ್ನು 1512ರಲ್ಲಿ ಗೆದ್ದುಕೊಂಡವರು 1516ರಲ್ಲಿ ಕ್ಸೇವಿಯರ್ ಕೋಟೆಯ ಗೋಪುರಗಳನ್ನು ಕೆಡವಿಸಿದರು. ಆ ಮನೆಯ ಹುಡುಗನಿಗೆ ಆಗ ಹತ್ತು ವರ್ಷ. ಗೋಪುರ ಬಿತ್ತು, ಹೆಸರು ನಮ್ಮೂರ ಹೈಸ್ಕೂಲಿನ ಹಾಜರಿ ಪುಸ್ತಕದ ತನಕ ನಡೆದು ಬಂತು.

ಚೌರಪ್ಪ ಈಗ ಎಲ್ಲಿದ್ದಾನೋ. ಸರ್ಟಿಫಿಕೇಟಿನಲ್ಲಂತೂ ಕ್ಸೇವಿಯರ್ ಆಗಿಯೇ ಇರುತ್ತಾನೆ. ಅವನು ಬದಲಿಸಿಕೊಂಡದ್ದು ತಪ್ಪು ಅಂತ ನಾನು ಹೇಳಲಾರೆ, ಈಗಷ್ಟೇ ಅದು ಅವನ ಹಕ್ಕು ಅಂದೆನಲ್ಲ. ಆದರೆ ಅವನು ಖುಷಿಯಿಂದ ಬದಲಿಸಲಿಲ್ಲ, ನಮ್ಮ ಕಾಟ ತಡೆಯಲಾರದೆ ಬದಲಿಸಿದ. ಸಿಕ್ಕರೆ ಒಂದು ಮಾತು ಹೇಳಬೇಕು, ಮನೇಲಿ ಕರೀತಿದ್ದದ್ದು ತಪ್ಪಾಗಿರಲಿಲ್ಲ ಕಣೋ, ನಾವು ನಕ್ಕಿದ್ದು ತಪ್ಪು ಅಂತ.

ನಿಮ್ಮ ಮನೆಹೆಸರು ಏನು? ಅದನ್ನು ಯಾರಾದರೂ ತಿದ್ದಲು ಬಂದದ್ದುಂಟೇ? ಅಥವಾ ನನ್ನ ಹಾಗೆ ನೀವೇ ಯಾರ ಹೆಸರಿಗಾದರೂ ನಕ್ಕಿದ್ದೀರಾ? ಬರೆಯಿರಿ, ಕಾಯ್ತಿರ್ತೀನಿ.