ಕರ್ರಗಾಗೋ ಹೆದರಿಕೆ

ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಅವ್ವನದು ಒಂದೇ ಮಾತು: "ಬಿಸಿಲಾಗ ತಿರಗಬ್ಯಾಡ, ಕರ್ರಗಾಗ್ತಿ." ಇದು ತಂಗಿಗೆ ಮಾತ್ರ. ನಾನು ಗಂಡು, ಕರ್ರಗಾದರೆ ಯಾರಿಗೂ ನಷ್ಟವಿಲ್ಲ! ಬಿಸಿಲಿನಿಂದ ಚರ್ಮ ಕಾಪಾಡೋದು ಅಂದರೆ ಬೆಳ್ಳಗೆ ಉಳಿಯೋದು ಎಂಬ ಲೆಕ್ಕ ನಮ್ಮದು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತು. ನಮ್ಮ ತಲೆಯೊಳಗಿನ ಡಬ್ಬಿಯ ಹೆಸರು ಮಾತ್ರ ಹಾಗೇ ಇದೆ.

ಮಿತ್ರರೇ, ಕಪ್ಪಾಗೋದು ರೋಗವಲ್ಲ. ಸೂರ್ಯನ ಅತಿನೇರಳೆ ಕಿರಣ ಜೀವಕೋಶಗಳಿಗೆ ಪೆಟ್ಟು ಕೊಟ್ಟಾಗ ಚರ್ಮವೇ ಮೆಲನಿನ್ ಎಂಬ ಬಣ್ಣವನ್ನು ಹೆಚ್ಚು ತಯಾರಿಸಿ ಅಡ್ಡ ಹಿಡಿಯುತ್ತದೆ. ನಾವು ಬಣ್ಣ ನೋಡಿ ಅಳುತ್ತೇವೆ, ಪೆಟ್ಟಿನ ಮಾತೇ ಎತ್ತುವುದಿಲ್ಲ. ಕಪ್ಪು ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ ಅನ್ನೋದು ನಿಜ. ಆದರೆ ಕಣ್ಣಿಗೆ ಆ ಆಸರೆ ಇಲ್ಲ. ವರ್ಷಗಟ್ಟಲೆ ಬಿಸಿಲುಂಡ ಕಣ್ಣಿಗೆ ಪೊರೆ ಬೇಗ ಬರಬಹುದು. ಖಾಡಿಯ ಗಾಳಿ ತಣ್ಣಗೆ ಬೀಸಿದರೂ ಕಿರಣ ಕಡಿಮೆಯಾಗೋದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಅಂತ ತಿಳೀರಿ.

ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಚರ್ಮ ಸುಡುವ ಕಿರಣದಲ್ಲಿ ನೂರಕ್ಕೆ 97ರಷ್ಟನ್ನು ತಡೀತದೆ. ಆದರೆ ಧಾರಾಳವಾಗಿ ಹಚ್ಚಬೇಕು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು, ಬೆವರಿದರೆ ಇನ್ನೂ ಬೇಗ. ನಮ್ಮ ಕಳಂಬೋಲಿಯ ಬೆವರಿಗೆ ಒಂದು ಟ್ಯೂಬು ಎಷ್ಟು ದಿನ ಬಂದೀತು?

ಇಲ್ಲಿನ ಉಕ್ಕಿನ ಮಾರುಕಟ್ಟೆ ದಾಟಿ ಹೋಗುವಾಗ ರಸ್ತೆ ಕೆಲಸದ ಹೆಂಗಸರನ್ನು ನೋಡಿ. ಕಲಬುರ್ಗಿ, ವಿಜಯಪುರ ಕಡೆಯ ನಮ್ಮವರೂ ಇರ್ತಾರೆ. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವಲು. ಕಾಲೇಜಿಗೆ ಹೋಗೋ ನಾವು ಆ ವೇಷ ಕಂಡು ನಕ್ಕವರೇ, ನಾನೂ ಸೇರಿ. ಒತ್ತಾಗಿ ನೇಯ್ದ ಬಟ್ಟೆ ಟ್ಯೂಬಿಗಿಂತ ಮೇಲು, ಎರಡು ತಾಸಿಗೊಮ್ಮೆ ಹಚ್ಚುವ ಖರ್ಚೂ ಇಲ್ಲ ಅನ್ನೋದು ಅವರಿಗೆ ಯಾರೂ ಪಾಠ ಮಾಡಿದ್ದಲ್ಲ. ಅವರಿಗೆ ಸಿಗದಿರೋದು ನೆರಳು, ಮಧ್ಯಾಹ್ನದ ಬಿಡುವು.

ನೆರಳಿಲ್ಲದಿದ್ದರೆ ಏನಾಗ್ತದೆ ಅನ್ನೋದನ್ನು ಪಕ್ಕದ ಖಾರ್ಘರ್ 2023ರ ಏಪ್ರಿಲ್ 16ರಂದು ಕಂಡಿತು. ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಬಂದ ಲಕ್ಷಾಂತರ ಜನ ಬಯಲಲ್ಲಿ ಕೂತರು; 14 ಮಂದಿ ಸತ್ತರು. ಅಲ್ಲಿ ಕೊಂದದ್ದು ಶಾಖ, ಚರ್ಮಕ್ಕಾಗುವ ಹಾನಿ ಬೇರೆ, ಒಪ್ಪಿದೆ. ಆದರೆ ಎರಡಕ್ಕೂ ಮೊದಲ ಮದ್ದು ನೆರಳೇ. ಆಮೇಲೆ ಸರಕಾರ ಬೇಸಿಗೆಯಲ್ಲಿ 12ರಿಂದ 5ರವರೆಗೆ ಬಯಲು ಸಮಾರಂಭ ಬೇಡ ಎಂದಿತು. ಸಮಾರಂಭ ನೋಡೋರಿಗೆ ಸರಿ, ಹಾರೆ ಹಿಡಿದವರಿಗೆ?

ನಮ್ಮ ಹುಡುಗರೂ ಬೇಸಿಗೆಯ ಕ್ರಿಕೆಟ್ ಪಂದ್ಯವನ್ನು 12 ಗಂಟೆಗೇ ಇಟ್ಟಿದ್ದಾರೆ. ಬೆಳಿಗ್ಗೆ 7ಕ್ಕೆ ಹಾಕಿ ಅಂದರೆ, "ಏನೋ, ಕರ್ರಗಾಗ್ತೀಯೇನೋ?" ಅಂತ ನಕ್ಕರು.

ನಿನ್ನೆ ತಂಗಿ ಹೊರಟಾಗ, "ತಲಿಗೆ ಬಟ್ಟಿ ಕಟ್ಟಿಕೊ, ಕಣ್ಣು ಹಾಳಾಗ್ತಾವ" ಅಂದೆ. "ಮೊದಲು ನೀ ಕಟ್ಟಿಕೊ" ಅಂದಳು. ಕಟ್ಟಿಕೊಂಡೆ.