ಮೀಟರ್‌ಗೇಜ್ ಎಂಜಿನ್ನಿಗೆ ಎರಡು ಬಫರ್ ಬೇಡ

ಉಗಿ ಎಂಜಿನ್ನಿನ ಪುಟ್ಟ ಮಾದರಿ ಮಾಡಿ ಎಂದರೆ ನಮ್ಮಲ್ಲಿ ಬಹಳ ಜನರ ಕೈಯಿಂದ ಮೂಡುವುದು ಒಂದೇ ರೂಪ. ಕಪ್ಪು ಬಾಯ್ಲರ್, ಕೆಂಪು ಚಕ್ರ, ಮೇಲೊಂದು ಚಿಮಣಿ, ಮೂತಿಯ ಎಡಬಲಕ್ಕೆ, ಗಾಡಿಗಳು ತಾಗಿದಾಗ ಪೆಟ್ಟು ತಡೆಯುವ ಎರಡು ದುಂಡನೆಯ ಬಫರ್. ಶಾಲೆಯ ವಸ್ತುಪ್ರದರ್ಶನದಲ್ಲೂ ಇದೇ, ಮೆರವಣಿಗೆಯ ಸ್ತಬ್ಧಚಿತ್ರದಲ್ಲೂ ಇದೇ. ಅದು ಜರ್ಮನಿಯ ಎಂಜಿನ್ ಆಗಿರಬಹುದು. ಮೈಸೂರಿನಿಂದ ಕಡಕೊಳ, ತಾಂಡವಪುರ, ಸುಜಾತಾಪುರಂ ಹಾದು ನಂಜನಗೂಡಿಗೆ ಬರುತ್ತಿದ್ದ ಎಂಜಿನ್ ಮಾತ್ರ ಅಲ್ಲ. ಆ ಎಂಜಿನ್ನಿಗೆ ಎರಡು ಬಫರ್ ಇರಲೇ ಇಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯಲ್ಲಿ ಜಾಗ ಬೇಕೇ? ಬೇಕು. ನಂಜನಗೂಡು ಸೀಮೆಯ ಮೀಟರ್‌ಗೇಜ್ ರೈಲು ಇನ್ನು ಓಡುವುದಿಲ್ಲ. ಅದು ಹೇಗಿತ್ತೆಂದು ಮುಂದಿನವರಿಗೆ ತೋರಿಸಲು ಉಳಿದಿರುವುದು ಹಳೆಯ ಫೋಟೊಗಳು, ಸಂಗ್ರಹಾಲಯದ ಅಂಗಳದಲ್ಲಿ ನಿಂತ ಬೆರಳೆಣಿಕೆಯ ಎಂಜಿನ್‌ಗಳು ಮತ್ತು ಆಸಕ್ತರು ಕೈಯಾರೆ ಮಾಡುವ ಮಾದರಿಗಳು. ಫೋಟೊದಲ್ಲಿ ಒಂದು ಮಗ್ಗುಲು ಕಾಣುತ್ತದೆ, ಮಾದರಿಯಲ್ಲಿ ಎಲ್ಲ ಮಗ್ಗುಲೂ ಕಾಣುತ್ತವೆ. ಹಾಗಾಗಿ ಮಾದರಿ ತಪ್ಪಿದರೆ ಎಲ್ಲ ಮಗ್ಗುಲಲ್ಲೂ ತಪ್ಪುತ್ತದೆ.

ಮೈಸೂರು–ನಂಜನಗೂಡು ಮಾರ್ಗ ಶುರುವಾದದ್ದು 1891ರಲ್ಲಿ. ಅಲ್ಲಿಂದ ಚಾಮರಾಜನಗರದವರೆಗೆ ಹಳಿ ಮುಂದುವರಿದದ್ದು 1926ರಲ್ಲಿ. ನಂಜನಗೂಡಿನ ಬಳಿ ಕಪಿಲಾ ನದಿಯನ್ನು ದಾಟಲು ರೈಲಿಗೆ ಒದಗಿದ್ದು ಹೊಸ ಸೇತುವೆಯಲ್ಲ. ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದ ಸೇತುವೆಯ ಮೇಲೆಯೇ ಹಳಿ ಹಾಸಿದರು. ರೈಲಿಗಿಂತ ಒಂದೂವರೆ ಶತಮಾನ ಹಿರಿದಾದ ಆ ಸೇತುವೆಯ ಮೇಲೆ ರಸ್ತೆಯೂ ಹಳಿಯೂ ಅಕ್ಕಪಕ್ಕದಲ್ಲಿ ಸಾಗಿದವು. ಈ ಶತಮಾನದ ಮೊದಲ ದಶಕದಲ್ಲಿ ಮಾರ್ಗ ಬ್ರಾಡ್‌ಗೇಜ್ ಆಯಿತು, ರೈಲು ಪಕ್ಕದ ಹೊಸ ಸೇತುವೆಗೆ ಹೋಯಿತು. ಮಾದರಿ ಮಾಡುವವರಿಗೆ ಇದಕ್ಕಿಂತ ಚೆಂದದ ವಸ್ತು ಕರ್ನಾಟಕದಲ್ಲಿ ಸಿಗುವುದು ಕಷ್ಟ: ಚೂಪು ಕಮಾನುಗಳ ಹಳೆಯ ಸೇತುವೆ, ಅದರ ಮೇಲೊಂದು ಎತ್ತಿನ ಗಾಡಿ, ಗಾಡಿಯ ಪಕ್ಕದಲ್ಲೇ ಹೊಗೆಯುಗುಳುತ್ತ ಹೋಗುವ ಪ್ಯಾಸೆಂಜರ್.

ಲೆಕ್ಕವೂ ಈ ಮಾರ್ಗಕ್ಕೆ ಅನುಕೂಲವಾಗಿದೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆ ಎಚ್ಒ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಅಂಗಡಿಯಲ್ಲಿ ಸಿಗುವ ಎಚ್ಒ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪ್, ಅಮೆರಿಕದ 1,435 ಮಿ.ಮೀ. ಹಳಿಗೆ ಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಆದ್ದರಿಂದ ಅಂಗಡಿಯ ಹಳಿಯ ಮೇಲೆ ನಿಲ್ಲಿಸಿದ ಭಾರತದ ಬ್ರಾಡ್‌ಗೇಜ್ ಎಂಜಿನ್ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಮೀಟರ್‌ಗೇಜಿಗೆ ಈ ತೊಂದರೆ ಇಲ್ಲ. ಒಂದು ಮೀಟರನ್ನು 87ರಿಂದ ಭಾಗಿಸಿದರೆ 11.5 ಮಿ.ಮೀ. ಬರುತ್ತದೆ. ಸ್ವಿಸ್ ಪರ್ವತ ರೈಲುಗಳ ಮಾದರಿಗೆಂದು ತಯಾರಾಗುವ 12 ಮಿ.ಮೀ. ಹಳಿ ಅದಕ್ಕೆ ಸರಿಹೋಗುತ್ತದೆ, ವ್ಯತ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ನಂಜನಗೂಡಿನ ರೈಲನ್ನು ಸರಿಯಾಗಿ ಮಾಡುವುದು ಮುಂಬಯಿ ಮೇಲ್ ಮಾಡುವುದಕ್ಕಿಂತ ಸುಲಭ.

ಇಷ್ಟು ಸುಲಭವಾಗಿರುವಾಗ ಉಳಿದದ್ದರಲ್ಲಿ ಎಡವುವುದೇಕೆ? ಬಫರನ್ನೇ ನೋಡಿ. ನಮ್ಮ ಮೀಟರ್‌ಗೇಜ್ ಎಂಜಿನ್ನಿನ ಮುಂದಿನ ಅಡ್ಡತೊಲೆಯ ನಟ್ಟನಡುವೆ ಒಂದೇ ಒಂದು ಬಫರ್ ಇರುತ್ತಿತ್ತು. ಗಾಡಿಗಳನ್ನು ಜೋಡಿಸುವ ಕೊಕ್ಕೆಯೂ ಅದಕ್ಕೇ ಸೇರಿಕೊಂಡಿರುತ್ತಿತ್ತು. ತಳ್ಳುವುದೂ ಎಳೆಯುವುದೂ ಅದೊಂದರಿಂದಲೇ. ಪಕ್ಕದಲ್ಲಿ ವ್ಯಾಕ್ಯೂಮ್ ಬ್ರೇಕಿನ ದಪ್ಪ ರಬ್ಬರ್ ಕೊಳವೆ, ಕೆಳಗೆ ಹಳಿಯ ಮೇಲಿನ ದನವನ್ನು ಸರಿಸುವ ಕಬ್ಬಿಣದ ಸರಳುಗಳ ಕೌ ಕ್ಯಾಚರ್. ಎಡಬಲಕ್ಕೆ ಎರಡು ಬಫರ್, ನಡುವೆ ತಿರುಪಿನ ಸರಪಣಿ ಇದ್ದದ್ದು ಬ್ರಾಡ್‌ಗೇಜಿನಲ್ಲಿ. ಮೂತಿಯೊಂದನ್ನು ನೋಡಿದರೆ ಸಾಕು, ಎಂಜಿನ್ ಯಾವ ಹಳಿಯದೆಂದು ರೈಲ್ವೆ ಮನುಷ್ಯ ಹೇಳಿಬಿಡುತ್ತಿದ್ದ. ಆ ಮೂತಿಯನ್ನೇ ತಪ್ಪಾಗಿ ಮಾಡಿ ಪಕ್ಕಕ್ಕೆ ‘ಮೈಸೂರು–ನಂಜನಗೂಡು ಪ್ಯಾಸೆಂಜರ್’ ಎಂದು ಬೋರ್ಡ್ ಬರೆದರೆ ಆ ಬೋರ್ಡಿಗೆ ಬೆಲೆಯಿಲ್ಲ.

ಉಗಿ ಎಂಜಿನ್ನಿನ ಮೈಮೇಲೆ ಅಲಂಕಾರಕ್ಕೆಂದು ಇಟ್ಟದ್ದು ಬಹಳ ಕಡಿಮೆ. ಬಾಯ್ಲರಿನ ಪಕ್ಕದಲ್ಲಿ ಹರಿದಾಡುವ ಒಂದೊಂದು ಕೊಳವೆಗೂ ಒಂದೊಂದು ಕೆಲಸವಿದೆ. ಎಂಜಿನ್ನಿನ ಹಿಂದಿರುವ ಟೆಂಡರ್ ಗಾಡಿಯ ನೀರು ಇಂಜೆಕ್ಟರಿಗೆ ಬರುತ್ತದೆ. ಅಲ್ಲಿ ಉಗಿಯ ರಭಸ ಅದನ್ನು ಕೊಳವೆಯೊಂದರ ಮೂಲಕ ಬಾಯ್ಲರಿನೊಳಕ್ಕೆ ನೂಕುತ್ತದೆ. ಒಳಗೆ ಹೋದ ನೀರು ವಾಪಸ್ ಬರದಂತೆ ತಡೆಯಲು ಕೊಳವೆಯ ತುದಿಯಲ್ಲಿ ವಾಲ್ವ್ ಇರುತ್ತದೆ. ಬಾಯ್ಲರಿನ ಬೆನ್ನ ಮೇಲಿನ ಮರಳುಪೆಟ್ಟಿಗೆಯಿಂದ ಇಳಿಯುವ ಸಣ್ಣ ಕೊಳವೆ, ಚಕ್ರ ಹಳಿಯನ್ನು ಮುಟ್ಟುವ ಜಾಗದ ಹತ್ತಿರವೇ ಮುಗಿಯಬೇಕು. ಮಳೆಯಲ್ಲಿ ಚಕ್ರ ಜಾರಿದಾಗ ಮರಳು ಬೀಳಬೇಕಾದದ್ದು ಅಲ್ಲಿಗೇ. ಎಷ್ಟೋ ಮಾದರಿಗಳಲ್ಲಿ ಈ ಕೊಳವೆ ನಡುದಾರಿಯಲ್ಲೇ ನಿಂತುಹೋಗಿರುತ್ತದೆ. ಇನ್ನು ಕೆಲವದರಲ್ಲಿ ವಿದ್ಯುತ್ ಹೆಡ್‌ಲೈಟ್ ಹೊಳೆಯುತ್ತಿರುತ್ತದೆ, ಅದಕ್ಕೆ ವಿದ್ಯುತ್ ಕೊಡುವ ಪುಟ್ಟ ಟರ್ಬೊ ಜನರೇಟರ್ ಮಾತ್ರ ಎಂಜಿನ್ನಿನ ಮೇಲೆ ಎಲ್ಲೂ ಇರುವುದಿಲ್ಲ. ಜನರೇಟರ್ ಇಲ್ಲದಿದ್ದರೆ ಅಲ್ಲಿ ಎಣ್ಣೆ ದೀಪ ಇರಬೇಕು. ಎರಡರಲ್ಲಿ ಒಂದು ನಿಜ. ಒಂದು ಇಂಚಿನ ಕೊಳವೆ ಎಚ್ಒ ಅಳತೆಯಲ್ಲಿ 0.3 ಮಿ.ಮೀ. ತಂತಿಯಾಗುತ್ತದೆ, ನಿಜ. ಆದರೆ ಆ ತಂತಿ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ತಿಳಿದು ಬಗ್ಗಿಸಿದವನಿಗೆ ಎಂಜಿನ್ ಹೇಗೆ ಕೆಲಸ ಮಾಡುತ್ತಿತ್ತೆಂಬುದೂ ತಿಳಿದಿರುತ್ತದೆ. ಸಣ್ಣ ವಿವರಕ್ಕೆ ಇಷ್ಟು ಹಟ ಹಿಡಿಯುವುದು ಇದಕ್ಕೇ.

ಚಕ್ರದ ವಿಷಯದಲ್ಲಂತೂ ಎರಡು ಮಿಲಿಮೀಟರ್ ಎಂದರೆ ದೊಡ್ಡ ಅಂತರ. ಸ್ವಾತಂತ್ರ್ಯದ ನಂತರ ದೇಶದ ಮೀಟರ್‌ಗೇಜ್ ಹಳಿಗಳನ್ನು ಆಳಿದ್ದು ಎರಡು ಜಾತಿಯ ಎಂಜಿನ್‌ಗಳು. ಪ್ಯಾಸೆಂಜರ್ ಎಳೆಯಲು ವೈಪಿ, ಗೂಡ್ಸ್ ಎಳೆಯಲು ವೈಜಿ. ವೈಪಿ 871 ತಯಾರಾದವು, ವೈಜಿ ಸಾವಿರ ದಾಟಿದವು. ವೈಪಿಗೆ ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡವು, ಹಿಂದೆ ಎರಡು; ವೈಜಿಗೆ ಎರಡು, ಎಂಟು, ಎರಡು. ವೈಪಿಯ ದೊಡ್ಡ ಚಕ್ರದ ವ್ಯಾಸ ನಾಲ್ಕೂವರೆ ಅಡಿ, ವೈಜಿಯದು ನಾಲ್ಕು ಅಡಿ. ಎಚ್ಒ ಅಳತೆಗೆ ಇಳಿಸಿದರೆ ಒಂದು 15.8 ಮಿ.ಮೀ., ಇನ್ನೊಂದು 14. ವೇಗಕ್ಕೆ ದೊಡ್ಡ ಚಕ್ರ, ಭಾರಕ್ಕೆ ಸಣ್ಣ ಚಕ್ರ ಎಂಬ ಇಡೀ ತರ್ಕ ಆ ಎರಡು ಮಿಲಿಮೀಟರಿನೊಳಗೆ ಅಡಗಿದೆ. ಕೈಗೆ ಸಿಕ್ಕಿದ ಚಕ್ರ ಹಾಕಿ ಮುಗಿಸಿದರೆ ಆ ತರ್ಕ ಕಳಚಿಬೀಳುತ್ತದೆ.

ಚಕ್ರದ ಹೊರಗೆ ಆಡುವ ಸರಳುಗಳಿಗೂ ಹೀಗೆಯೇ ನಿಯಮವಿದೆ. ಎಡಬದಿಯ ಕ್ರಾಂಕ್ ಮತ್ತು ಬಲಬದಿಯ ಕ್ರಾಂಕ್ 90 ಡಿಗ್ರಿ ಅಂತರದಲ್ಲಿರಬೇಕು. ಒಂದು ಬದಿಯ ಪಿಸ್ಟನ್ ಸಿಲಿಂಡರಿನ ತುದಿ ಮುಟ್ಟಿ ಬಲ ಕಳೆದುಕೊಂಡಾಗ ಇನ್ನೊಂದು ಬದಿಯ ಪಿಸ್ಟನ್ ನಡುವಿನಲ್ಲಿದ್ದು ಎಳೆಯುತ್ತದೆ. ಹಾಗಿಲ್ಲದಿದ್ದರೆ ನಿಂತ ಎಂಜಿನ್ ಮತ್ತೆ ಹೊರಡಲಾರದ ಸ್ಥಿತಿಗೆ ಬಂದು ಸಿಕ್ಕಿಕೊಳ್ಳುತ್ತಿತ್ತು. ಉಗಿಯ ಒಳಬರುವಿಕೆಯನ್ನು ನಿಯಂತ್ರಿಸುವ ಏರ್ಪಾಡೊಂದನ್ನು ಬೆಲ್ಜಿಯಂನ ಈಗಿಡ್ ವಾಲ್‌ಶಾರ್ಟ್ಸ್ 1844ರಲ್ಲಿ ರೂಪಿಸಿದ. ಅದರಲ್ಲಿ ದೊಡ್ಡ ಚಕ್ರದ ಕ್ರಾಂಕಿನ ಹೊರಗೆ ಇನ್ನೊಂದು ಪುಟ್ಟ ಕ್ರಾಂಕ್ ಇರುತ್ತದೆ. ದೊಡ್ಡ ಕ್ರಾಂಕ್ ಕೆಳಗಿದ್ದಾಗ ಈ ಪುಟ್ಟದು ಎಡಬದಿಯಲ್ಲಿ ಮುಂದಕ್ಕೆ ವಾಲಿದರೆ ಬಲಬದಿಯಲ್ಲೂ ಮುಂದಕ್ಕೇ ವಾಲಬೇಕು. ಒಂದು ಬದಿ ಮುಂದಕ್ಕೆ, ಇನ್ನೊಂದು ಬದಿ ಹಿಂದಕ್ಕೆ ವಾಲಿದ ಮಾದರಿಗಳು ಹೆಸರಾಂತ ಕಂಪನಿಗಳ ಡಬ್ಬಿಯಿಂದಲೂ ಬರುತ್ತವೆ. ವಿದ್ಯುತ್ ಮೋಟಾರಿನಿಂದ ಓಡುವ ಮಾದರಿ ಹಾಗಿದ್ದರೂ ಓಡುತ್ತದೆ. ನಿಜದ ಎಂಜಿನ್ ಆಗಿದ್ದರೆ ಅದರ ಎರಡು ಸಿಲಿಂಡರ್‌ಗಳು ಪರಸ್ಪರ ಜಗಳಕ್ಕೆ ನಿಲ್ಲುತ್ತಿದ್ದವು.

ಎಲ್ಲವನ್ನೂ ಅಳತೆಗೆ ತಕ್ಕಂತೆ ಕುಗ್ಗಿಸಲು ಬರುವುದಿಲ್ಲ ಎಂಬುದನ್ನೂ ಒಪ್ಪಬೇಕು. ಮನೆಯ ಮೇಜಿನ ಮೇಲಿನ 45 ಸೆಂ.ಮೀ. ತಿರುವು ನಿಜದಲ್ಲಿ 39 ಮೀಟರ್ ತಿರುವಿಗೆ ಸಮ; ವೈಪಿಯಂಥ ಎಂಜಿನ್ ಅಲ್ಲಿ ತಿರುಗಲಾರದು. ಹಾಗಾಗಿ ಸಿಲಿಂಡರನ್ನು ಕೂದಲೆಳೆಯಷ್ಟು ಹೊರಗಿಡಬೇಕಾಗುತ್ತದೆ, ಚಕ್ರದ ಅಂಚನ್ನು ತುಸು ಆಳ ಮಾಡಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಇಡೀ ದೇಶವೇ ಒಂದು ರಾಜಿ ಮಾಡಿಕೊಂಡು ಕೂತಿದೆ. ಅಲ್ಲಿನ ಜನಪ್ರಿಯ ಒಒ ಮಾದರಿಗಳ ಅಳತೆ 76ರಲ್ಲಿ ಒಂದು, ಓಡುವುದು ಮಾತ್ರ ಅದೇ 16.5 ಮಿ.ಮೀ. ಹಳಿಯ ಮೇಲೆ, ಲೆಕ್ಕ ಹಾಕಿದರೆ ಹಳಿ ನಿಜಕ್ಕಿಂತ ಏಳು ಇಂಚು ಕಿರಿದು. ಇದನ್ನು ಸಹಿಸದ ಕೆಲವರು 1960ರ ದಶಕದಲ್ಲಿ 18.83 ಮಿ.ಮೀ. ಹಳಿಯ ಪಿ4 ಪದ್ಧತಿಯನ್ನೇ ಹುಟ್ಟುಹಾಕಿ, ಚಕ್ರ, ಹಳಿ ಎಲ್ಲವನ್ನೂ ಕೈಯಿಂದ ಮಾಡಿಕೊಂಡರು. ಅಷ್ಟು ದೂರ ಎಲ್ಲರೂ ಹೋಗಬೇಕಿಲ್ಲ. ಆದರೆ ಓಡಬೇಕಾದ್ದರಿಂದ ಮಾಡಿಕೊಂಡ ರಾಜಿ ಬೇರೆ, ವಿಚಾರಿಸದೆ ಮಾಡಿದ ತಪ್ಪು ಬೇರೆ. ಆಳವಾದ ಚಕ್ರದಂಚು ಮೊದಲನೆಯದು, ಎರಡು ಬಫರ್ ಎರಡನೆಯದು.

ಮಕ್ಕಳ ಆಟಿಕೆಗೆ ಇದೆಲ್ಲ ಬೇಕೇ ಎಂಬ ಮಾತು ಬರುತ್ತದೆ. ಆಟಿಕೆಗೆ ಖಂಡಿತ ಬೇಡ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲು ಯಾವ ಎಂಜಿನ್ನಿನ ಪ್ರತಿರೂಪವೂ ಅಲ್ಲ. ಅದು ತನ್ನಷ್ಟಕ್ಕೇ ಪೂರ್ಣ. ಮಾದರಿ ಹಾಗಲ್ಲ. ‘ಇದು ಇಂಥ ಎಂಜಿನ್’ ಎಂದು ಹೆಸರು, ನಂಬರ್ ಬರೆದ ಕ್ಷಣದಿಂದ ಅದು ಸಾಕ್ಷಿ ಹೇಳಲು ಶುರುಮಾಡುತ್ತದೆ. ನಂಜನಗೂಡಿನ ದೊಡ್ಡಜಾತ್ರೆಯ ಪಂಚಮಹಾರಥಗಳಲ್ಲಿ ಯಾವುದು ಮೊದಲು ಹೊರಡಬೇಕು, ಯಾವುದು ಕೊನೆಗೆ ಎಂಬುದನ್ನು ಊರಿನ ಮಕ್ಕಳೂ ಹೇಳುತ್ತಾರೆ, ಕ್ರಮ ತಪ್ಪಿದರೆ ಯಾರೂ ಒಪ್ಪುವುದಿಲ್ಲ. ಅದೇ ಊರಿಗೆ ತಲೆಮಾರುಗಟ್ಟಲೆ ಜನರನ್ನು ಹೊತ್ತು ತಂದ ರೈಲಿಗೂ ಆ ಗೌರವ ಸಲ್ಲಬೇಕು.

ಬಣ್ಣದಲ್ಲಿ ಆಗುವ ತಪ್ಪಿಗೆ ಮಾದರಿ ಮಾಡುವವರೊಬ್ಬರೇ ಹೊಣೆಯಲ್ಲ. ದೇಶದ ಅನೇಕ ನಿಲ್ದಾಣಗಳ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿದ ಹಳೆಯ ಎಂಜಿನ್‌ಗಳಿಗೆ ವರ್ಷಕ್ಕೊಂದು ಬಣ್ಣ ಬೀಳುತ್ತದೆ. ಎಣ್ಣೆ ಸವರಿದ ಬೆತ್ತಲೆ ಉಕ್ಕಿನ ಸರಳುಗಳಿಗೆ ಬೆಳ್ಳಿ ಬಣ್ಣ ಬಳಿಯುತ್ತಾರೆ. ಬೆಂಕಿಯ ಕಾವಿಗೆ ಬೂದುಬಣ್ಣಕ್ಕೆ ತಿರುಗುತ್ತಿದ್ದ ಹೊಗೆಪೆಟ್ಟಿಗೆ ಈಗ ಮಿರಮಿರ ಮಿನುಗುತ್ತದೆ. ಅದನ್ನು ನೋಡಿ ಮಾಡಿದ ಮಾದರಿಯೂ ಹಾಗೆಯೇ ಇರುತ್ತದೆ. ಗುರುತಿನ ಅಕ್ಷರಗಳದ್ದೂ ಇದೇ ಕಥೆ. ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯೊಳಗೆ ಸೇರಿದ್ದು 1951ರಲ್ಲಿ. ಅದಕ್ಕೆ ಮುಂಚಿನ ಎಂಜಿನ್ನಿಗೆ ದಕ್ಷಿಣ ರೈಲ್ವೆಯ ಅಕ್ಷರ ಬರೆಯುವಂತಿಲ್ಲ. ಇಂಧನವೂ ಕಾಲವನ್ನು ಹೇಳುತ್ತದೆ. ಗುಂಡ್ಲುಪೇಟೆ ದಾರಿ ಹಿಡಿದು ನೀಲಗಿರಿಗೆ ಹೋದರೆ ಉಗಿಯಿಂದ ಓಡುವ ಮೀಟರ್‌ಗೇಜ್ ಇವತ್ತಿಗೂ ಇದೆ. ಸ್ವಿಟ್ಜರ್ಲೆಂಡಿನ ವಿಂಟರ್‌ಟೂರಿನಿಂದ ಬಂದ ಅಲ್ಲಿನ ಎಕ್ಸ್ ವರ್ಗದ ಎಂಜಿನ್‌ಗಳು ಕಲ್ಲಿದ್ದಲು ತಿನ್ನುತ್ತಿದ್ದವು. 2011ರಿಂದೀಚೆಗೆ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಯಾಗಾರ ಮಾಡಿಕೊಟ್ಟ ಹೊಸವುಗಳಲ್ಲಿ ಕೆಲವು ಎಣ್ಣೆಯಿಂದ ಉರಿಯುತ್ತವೆ. ಎಣ್ಣೆಯಿಂದ ಉರಿಯುವ ಎಂಜಿನ್ನಿನ ಮಾದರಿಯ ಮೇಲೆ ಕಲ್ಲಿದ್ದಲು ಪೇರಿಸಿದರೆ ನೋಡಲು ಚೆನ್ನಾಗಿರಬಹುದು, ಅಂಥದ್ದೊಂದು ಎಂಜಿನ್ ಇರಲಿಲ್ಲ.

ಮಾದರಿ ಮಾಡುವಾಗ ಇಷ್ಟೆಲ್ಲ ವಿವರಗಳಲ್ಲಿ ಯಾವುದು ಮೊದಲು ಎಂದು ಕೇಳಿದರೆ ಈ ಬರಹಗಾರನ ಉತ್ತರ ಸ್ಪಷ್ಟ. ಮೊದಲು ಎಂಜಿನ್ನಿನ ಒಟ್ಟು ನಿಲುವು: ಬಾಯ್ಲರಿನ ಎತ್ತರ, ಚಿಮಣಿಯ ಉದ್ದ, ಚಕ್ರದ ಗಾತ್ರ. ಆಮೇಲೆ ಸರಳುಗಳು, ಆಮೇಲೆ ಕೊಳವೆಗಳು. ರಿವೆಟ್ ಎಣಿಸುವ ಕೆಲಸ ಕಟ್ಟಕಡೆಗೆ. ಬಾಯ್ಲರ್ ಡೊಂಕಾಗಿದ್ದು ರಿವೆಟ್ ಲೆಕ್ಕ ಸರಿಯಿದ್ದರೆ ಏನೂ ಉಪಯೋಗವಿಲ್ಲ. ಇನ್ನೂ ಒಂದು ಮಾತು: ‘ಒಂದು ವೈಪಿ’ ಎಂದು ಮಾಡಹೊರಡಬಾರದು. ಒಂದೇ ವರ್ಗದ ಎಂಜಿನ್‌ಗಳೂ ವರ್ಕ್‌ಶಾಪಿಗೆ ಹೋಗಿ ಬರುವಷ್ಟರಲ್ಲಿ ಒಂದರಂತೆ ಒಂದು ಇರುತ್ತಿರಲಿಲ್ಲ. ಒಂದು ನಂಬರಿನ ಎಂಜಿನ್ನನ್ನು, ಒಂದು ಫೋಟೊದ ದಿನದಲ್ಲಿ ಅದು ಇದ್ದಂತೆ ಮಾಡಬೇಕು.

ಸಾಧನಗಳ ಕೊರತೆ ಈಗಿಲ್ಲ. ಕೂದಲಿನಷ್ಟು ತೆಳ್ಳಗಿನ ಪದರ ಕಟ್ಟುವ ತ್ರೀಡಿ ಪ್ರಿಂಟರ್‌ಗಳು ಮನೆಗೇ ಬಂದಿವೆ. ಪುಣೆಯಲ್ಲಿ ಭಾವುಸಾಹೇಬ್ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಿಂದ ಜನರನ್ನು ಸೆಳೆಯುತ್ತಿದೆ, ಅಂದರೆ ನೋಡುವವರೂ ಇದ್ದಾರೆ. ಇಲ್ಲದಿರುವುದು ಎಲ್ಲರ ಕೈಗೆ ಸಿಗುವ, ನಂಬಬಹುದಾದ ಅಳತೆ. ತಪ್ಪು ಅಳತೆ ಕೊಟ್ಟರೆ ಪ್ರಿಂಟರ್ ಅದೇ ತಪ್ಪನ್ನು ನೂರು ಸಲ ನಿಖರವಾಗಿ ಮುದ್ರಿಸುತ್ತದೆ.

1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಉಗಿ ಎಂಜಿನ್‌ಗಳಿವೆ, 1899ರ ಮಹಾರಾಣಿ ಸಲೂನ್ ಇದೆ, ರೈಲು ಚಕ್ರ ತೊಡಿಸಿದ ಆಸ್ಟಿನ್ ಕಾರಿದೆ. ಅಲ್ಲಿನ ಒಂದೊಂದು ಎಂಜಿನ್ನನ್ನೂ ಟೇಪು ಹಿಡಿದೋ ಲೇಸರ್ ಸ್ಕ್ಯಾನ್ ಮಾಡಿಯೋ ಅಳೆದು, ನಕ್ಷೆಗಳನ್ನು ಕನ್ನಡದಲ್ಲಿ ವಿವರದೊಂದಿಗೆ ಎಲ್ಲರಿಗೂ ಸಿಗುವಂತೆ ರೈಲ್ವೆ ಪ್ರಕಟಿಸಬೇಕು. ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಒಂದು ಸೆಮಿಸ್ಟರಿನ ಒಳ್ಳೆಯ ಕೆಲಸ. ಹಳೆಯ ಸೇತುವೆಯ ಮೇಲೆ ಮೀಟರ್‌ಗೇಜ್ ರೈಲು ದಾಟುವ ಸರಿಯಾದ ಮಾದರಿಯೊಂದು ನಂಜನಗೂಡು ನಿಲ್ದಾಣದಲ್ಲಿ ಇರಬೇಕು. ಅದನ್ನು ಮಾಡುವ ಮೊದಲು ಉಗಿಯ ಕಾಲದಲ್ಲಿ ಕೆಲಸ ಮಾಡಿದ ಡ್ರೈವರ್, ಫೈರ್‌ಮನ್, ಫಿಟ್ಟರ್‌ಗಳನ್ನು ಕೂರಿಸಿ ಕೇಳಬೇಕು. ಯಾವ ಕೊಳವೆ ಎಲ್ಲಿ ಸೋರುತ್ತಿತ್ತು ಎಂಬುದು ನಕ್ಷೆಯಲ್ಲಿ ಇರುವುದಿಲ್ಲ, ಅವರ ನೆನಪಿನಲ್ಲಿರುತ್ತದೆ. ಅವರೆಲ್ಲ ನಿವೃತ್ತರಾಗಿ ಬಹಳ ವರ್ಷಗಳಾದವು.

ತಾಂಡವಪುರ, ಚಿಕ್ಕಯ್ಯನಛತ್ರ, ನಂಜನಗೂಡು, ಕವಲಂದೆ ಕಡೆಯ ಮನೆಗಳಲ್ಲಿ ಹಳೆಯ ರೈಲಿನ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಇದ್ದರೆ ಬಿಸಾಡಬೇಡಿ. ಹಿರಿಯರನ್ನು ಕೇಳಿ ಅದರ ಬೆನ್ನಿಗೆ ನಿಲ್ದಾಣದ ಹೆಸರು, ವರ್ಷ ಮತ್ತು ಎಂಜಿನ್ನಿನ ನಂಬರ್ ಬರೆದಿಡಿ.