ಮುಖ ಕಾಣದವರ ಸ್ನೇಹ

ಮೊಬೈಲಿನಲ್ಲಿ ಪರಿಚಯವಾದ ಅನ್ಯರಿಗೆ ಹಣ ಒಪ್ಪಿಸಿ ಕಳೆದುಕೊಂಡವರ ಸುದ್ದಿ ಕಿವಿಗೆ ಬಿದ್ದೊಡನೆ ನಮ್ಮಲ್ಲನೇಕರು ಆಡುವ ಮಾತೊಂದಿದೆ: 'ದುರಾಸೆಗೆ ತಕ್ಕ ಶಾಸ್ತಿಯಾಯಿತು.' ವಾಚಕ ಮಹಾಶಯರೇ, ಈ ಮಾತು ಬಹುಮಟ್ಟಿಗೆ ಸುಳ್ಳು. ಮೇಲಾಗಿ ವಂಚಕನಿಗೆ ಇದಕ್ಕಿಂತ ದೊಡ್ಡ ಸಹಾಯ ಮತ್ತೊಂದಿಲ್ಲ.

ವಂಚನೆಯ ಕ್ರಮವನ್ನೇ ಗಮನಿಸಿರಿ. ಫೇಸ್‌ಬುಕ್ಕಿನಲ್ಲೋ ವಾಟ್ಸಾಪಿನಲ್ಲೋ ಬಂದ ಅಪರಿಚಿತನು ಮೊದಲ ದಿನವೇ ಹಣ ಕೇಳುವುದಿಲ್ಲ. ವಾರಗಟ್ಟಲೆ ಯೋಗಕ್ಷೇಮ ವಿಚಾರಿಸುತ್ತಾನೆ. ಊಟವಾಯಿತೇ, ಮಂಡಿನೋವು ಹೇಗಿದೆ ಎನ್ನುತ್ತಾನೆ. ಮಕ್ಕಳು ದೂರದೇಶ ಸೇರಿ, ಮನೆಯಲ್ಲಿ ಮಾತಿಗೊಬ್ಬರಿಲ್ಲದ ನಿವೃತ್ತರಿಗೆ ಈ ವಿಚಾರಣೆಯೇ ಅಮೃತಪ್ರಾಯ. ಅನಂತರ ಷೇರು ವ್ಯವಹಾರದ ಆಪ್ ಒಂದು ಬರುತ್ತದೆ. ತೊಡಗಿಸಿದ ಅಲ್ಪ ಹಣಕ್ಕೆ ಲಾಭ ತೋರಿಸಿ, ಅದನ್ನು ಹಿಂಪಡೆಯಲೂ ಬಿಡುತ್ತಾರೆ. ನಂಬಿಕೆ ಬೇರೂರುವುದು ಅಲ್ಲಿಯೇ. ದೊಡ್ಡ ಮೊತ್ತ ಹೋದ ಮೇಲೆ, ಅದನ್ನು ಬಿಡಿಸಿಕೊಳ್ಳಲು 'ತೆರಿಗೆ' ಕಟ್ಟಿರೆಂಬ ಹೊಸ ಬೇಡಿಕೆ! ಇಲ್ಲಿ ಸೂರೆಗೊಂಡುದು ಆಸೆಯನ್ನೋ, ಒಂಟಿತನವನ್ನೋ?

ಹಳೆಯ ವಿದ್ಯಾರ್ಥಿಗಳಿಗಂತೂ ಇನ್ನೊಂದು ಬಲೆಯಿದೆ. ಪ್ರಸಾದನಿಲಯದ ಗೆಳೆಯನ ಹೆಸರು, ಭಾವಚಿತ್ರಗಳನ್ನೇ ಕದ್ದು ಖಾತೆ ತೆರೆದು, 'ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಕಳಿಸು' ಎಂದು ಬರೆಯುವವರಿದ್ದಾರೆ. 'ನನ್ನ ಮಿತ್ರ ಸಿ.ಆರ್.ಪಿ.ಎಫ್. ಅಧಿಕಾರಿಗೆ ವರ್ಗವಾಗಿದೆ, ಪೀಠೋಪಕರಣಗಳನ್ನು ಅಗ್ಗಕ್ಕೆ ಕೊಡುತ್ತಿದ್ದಾರೆ' ಎನ್ನುವವರೂ ಇದ್ದಾರೆ. ಒಂದೇ ಪಂಕ್ತಿಯಲ್ಲಿ ಉಂಡವನ ಕಷ್ಟಕ್ಕೆ ಮಿಡಿದವನನ್ನು ದುರಾಸೆಯವನೆಂದು ಕರೆಯುವುದು ಯಾವ ನ್ಯಾಯ? ಅವನ ಹಳೆಯ ನಂಬರಿಗೆ ಫೋನು ಮಾಡಿ ದನಿ ಕೇಳಿದ ಮೇಲೆಯೇ ಹಣ ಕಳಿಸಿರಿ. ಅದರಿಂದ ಸ್ನೇಹಕ್ಕೆ ಅವಮಾನವೇನೂ ಇಲ್ಲ.

ಆಚೆ ತುದಿಯಲ್ಲಿ ಕುಳಿತವನೂ ಕೆಲವೊಮ್ಮೆ ಸೆರೆಯಾಳೇ ಆಗಿರುತ್ತಾನೆಂಬುದು ವಿಪರ್ಯಾಸ. ಉದ್ಯೋಗದ ಆಮಿಷಕ್ಕೆ ಒಳಗಾಗಿ ಇಂತಹ ಮೋಸದ ಕೇಂದ್ರಗಳಲ್ಲಿ ಸಿಲುಕಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯಿಂದ ಬಿಡಿಸಿ ಕರೆತರಲಾಯಿತು.

ಈಗ ನಮ್ಮ ನಗೆಯ ಫಲವನ್ನು ನೋಡಿರಿ. ಕದ್ದ ಹಣವು ಗಂಟೆಗಳೊಳಗೆ ಖಾತೆಯಿಂದ ಖಾತೆಗೆ ಹರಿದುಹೋಗುತ್ತದೆ. ಕೂಡಲೇ 1930ರ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಿದರೆ, ಬ್ಯಾಂಕುಗಳು ಅದನ್ನು ನಡುವೆಯೇ ತಡೆಹಿಡಿಯುವ ಸಾಧ್ಯತೆಯುಂಟು. ಆದರೆ ನೆರೆಹೊರೆಯವರ ಅಪಹಾಸ್ಯಕ್ಕೆ ಅಂಜಿದ ಹಿರಿಯರು, ಹೆತ್ತ ಮಗನಿಗೂ ಹೇಳದೆ ಎರಡು ದಿನ ನುಂಗಿಕೊಂಡು ಕೂರುತ್ತಾರೆ. ಆ ಎರಡು ದಿನಗಳನ್ನು ಕದ್ದವರು ಮ್ಯಾನ್ಮಾರಿನವರಲ್ಲ, ನಾವು. ದೂರು ಕೊಡಲು ಹೊರಟ ಇಂತಹ ವೃದ್ಧರೊಡನೆ, ಒಂದು ಮಾತೂ ಆಡಿಕೊಳ್ಳದೆ ಠಾಣೆಯವರೆಗೆ ಬರಬಲ್ಲ ಇಬ್ಬರಾದರೂ ಹಳೆಯ ವಿದ್ಯಾರ್ಥಿಗಳು ನಿಮ್ಮ ಊರಿನಲ್ಲಿದ್ದಾರೆಯೇ?